ಬೆನ್ನು ತಿರುಗಿಸಿ ನಿಂತ ಐರಿಸ್

ಬಾಂದ್ರಾ, ಲೇಡೀಸ್ ಹಾಸ್ಟೆಲ್
14 ಜುಲೈ 2025

ಗುರುಪಾದ ಹಂಚಿನಾಳ ಸರ್ ಅವರಿಗೆ,

ನಮಸ್ಕಾರ. ನನ್ನ ಹೆಸರು ಧಾತ್ರಿ. ನೀವು ನನ್ನನ್ನು ನೋಡಿಲ್ಲ. ನಾನು ನಿಮ್ಮ ಹೆಸರನ್ನು ಮಾತ್ರ ನೋಡಿದ್ದೇನೆ, ಅದೂ ಟೀವಿಯಲ್ಲಿ, ಎಪಿಸೋಡ್ ಮುಗಿದ ಮೇಲೆ ಓಡುವ ಅಕ್ಷರಗಳಲ್ಲಿ: ಕನ್ನಡ ಸಂಭಾಷಣೆ, ಗುರುಪಾದ ಹಂಚಿನಾಳ.

ಪತ್ರದಲ್ಲಿ ತಪ್ಪುಗಳಿದ್ದರೆ ಕಾರಣ ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಅಮ್ಮ ಬೆಂಗಳೂರಿನಲ್ಲಿ. ನಾನು ಐದನೇ ಕ್ಲಾಸಿನಿಂದ ಪಿಯುಸಿ ತನಕ ಧಾರವಾಡದ ಹಾಸ್ಟೆಲ್ ಶಾಲೆಯಲ್ಲಿ. ಪ್ರತಿ ಭಾನುವಾರ ಮನೆಗೆ ಪತ್ರ ಬರೆಸುತ್ತಿದ್ದರು. ಆದರೆ ಆ ಪತ್ರವನ್ನು ವಾರ್ಡನ್ ಬೋರ್ಡ್ ಮೇಲೆ ಬರೆದಿರುತ್ತಿದ್ದರು, ನಮ್ಮದು ಕಾಪಿ ಮಾಡುವ ಕೆಲಸ. ಎಂಟು ವರ್ಷ ಒಂದೇ ಪತ್ರ. ನಾನೇ ಯೋಚಿಸಿ ಬರೆಯುತ್ತಿರುವ ಮೊದಲ ಕನ್ನಡ ಪತ್ರ ಇದು. ಈಗಾಗಲೇ ಮೂರು ಸಲ ಹರಿದಿದ್ದೇನೆ.

ವಿಷಯ ಇಷ್ಟು. ‘ಟಬ್ಲರ್ ಮನೆ’ಯ ಒಂಬತ್ತನೇ ಸೀಸನ್ ನನಗೆ ಇಷ್ಟ.

ಇದನ್ನು ಯಾರೂ ಹೇಳುವುದಿಲ್ಲ ಅಂತ ನಿಮಗೂ ಗೊತ್ತು. ಇಪ್ಪತ್ತಾರು ಸೀಸನ್ ಓಡಿದ ಆ ಅಮೆರಿಕನ್ ಕಾರ್ಟೂನ್‌ನಲ್ಲಿ ಯಾವುದು ಅತಿ ಕೆಟ್ಟದ್ದು ಎಂದು ಇಂಟರ್ನೆಟ್‌ನಲ್ಲಿ ಕೇಳಿ ನೋಡಿ, ಎಲ್ಲರೂ ಒಂಬತ್ತು ಅಂತಾರೆ. ಸ್ಟುಡಿಯೊದವರು ಆ ವರ್ಷ ಖರ್ಚು ಉಳಿಸಲು ಮುಖಗಳನ್ನು ಬರೆಯುವುದನ್ನೇ ಕಡಿಮೆ ಮಾಡಿದರಂತೆ. ಬೆನ್ನು ತೋರಿಸುತ್ತಾರೆ, ಮುಚ್ಚಿದ ಬಾಗಿಲು ತೋರಿಸುತ್ತಾರೆ, ಒಂದು ಎಪಿಸೋಡ್‌ನಲ್ಲಿ ಮೂರು ನಿಮಿಷ ಫ್ರಿಜ್ ತೋರಿಸುತ್ತಾರೆ. ಫ್ಯಾನ್ಸ್ ಇದಕ್ಕೆ ‘ಬೆನ್ನು ಸೀಸನ್’ ಅಂತ ಹೆಸರಿಟ್ಟಿದ್ದಾರೆ. ಜೋಕ್ ಇಲ್ಲ. ಕೆಲಸ ಹೋದ ಹರ್ಬ್ ಟಬ್ಲರ್ ಹನ್ನೊಂದು ಎಪಿಸೋಡ್ ಸೋಫಾದಲ್ಲಿ ಕೂತಿರುತ್ತಾನೆ, ಹೆಂಡತಿ ಐರಿಸ್ ನಮಗೆ ಬೆನ್ನು ಹಾಕಿ ಸಿಂಕ್ ಮುಂದೆ ನಿಂತಿರುತ್ತಾಳೆ.

ಉಳಿದ ಇಪ್ಪತ್ತೈದು ಸೀಸನ್‌ಗಳನ್ನು ತಕ್ಕಡಿಯ ಒಂದು ಕಡೆ ಇಟ್ಟರೂ ನಾನು ಈ ಹನ್ನೊಂದು ಎಪಿಸೋಡ್‌ಗಳ ಕಡೆಯೇ ನಿಲ್ಲುತ್ತೇನೆ. ಬೇರೆ ಎಲ್ಲ ವಿಷಯದಲ್ಲೂ ನನಗೆ ಭಯ. ಲೋಕಲ್ ಹತ್ತಲು ಭಯ, ಮೆಸ್‌ನಲ್ಲಿ ಇನ್ನೊಂದು ಚಪಾತಿ ಕೇಳಲು ಭಯ. ಇದರಲ್ಲಿ ಮಾತ್ರ ಇಲ್ಲ.

ನಮ್ಮ ಮಾಸ್ ಮೀಡಿಯಾ ಫಸ್ಟ್ ಇಯರ್‌ನಲ್ಲಿ ನಿಖಿತಾ ಮ್ಯಾಮ್ ಒಂದು ಸೆಮಿನಾರ್ ಕೊಟ್ಟಿದ್ದಾರೆ: ಎಲ್ಲರೂ ಬೈಯುವ, ನಿಮಗೆ ಮಾತ್ರ ಇಷ್ಟವಾದ ಒಂದನ್ನು ಕ್ಲಾಸಿನ ಮುಂದೆ ಸಮರ್ಥಿಸಬೇಕು. ನನ್ನದು ಬೆನ್ನು ಸೀಸನ್. ಅದಕ್ಕೇ ಎರಡು ಪ್ರಶ್ನೆ. ಕನ್ನಡದ ಆ ಎಪಿಸೋಡ್‌ಗಳು ಎಲ್ಲಾದರೂ ಸಿಗುತ್ತವೆಯೇ? ಎರಡನೆಯದು, ಎಂಟು ಸೀಸನ್ ನ್ಯೂಸ್ ಓದುವವರ ಕನ್ನಡ ಮಾತಾಡಿದ ಐರಿಸ್ ಒಂಬತ್ತರಲ್ಲಿ ನಮ್ಮ ಹಾಸ್ಟೆಲ್ ಅಡುಗೆಯ ಹನುಮವ್ವನ ಹಾಗೆ ಯಾಕೆ ಮಾತಾಡುತ್ತಾಳೆ?

ನಿಮ್ಮ ವಿಳಾಸ ಕೊಟ್ಟವರು ಮಾಟುಂಗಾದ ಕನ್ನಡ ಲೈಬ್ರರಿಯ ಸದಾನಂದ ಅಂಕಲ್. “ಹಂಚಿನಾಳರು ಫೋನ್ ಎತ್ತೋದಿಲ್ಲಮ್ಮ, ಕಾಗದ ಹಾಕಿದ್ರೆ ಮಾತ್ರ ಉತ್ತರ ಕೊಡ್ತಾರೆ” ಅಂದರು. ಹಾಕುತ್ತಿದ್ದೇನೆ.

ವಿಶ್ವಾಸದಿಂದ,
ಧಾತ್ರಿ


ವಡಾಲ
2 ಆಗಸ್ಟ್ 2025

ಕುಮಾರಿ ಧಾತ್ರಿಯವರಿಗೆ,

ಪತ್ರ ತಲುಪಿತು. ಅಕ್ಷರ ಚೆನ್ನಾಗಿದೆ.

ಆ ಸೀಸನ್ ಬಗ್ಗೆ ನನಗೆ ಇದುವರೆಗೆ ಆರು ಪತ್ರಗಳು ಬಂದಿವೆ. ಐದರಲ್ಲಿ ಬೈಗುಳ. ಆರನೆಯದರಲ್ಲಿ ಹೊಗಳಿಕೆ ಇತ್ತು, ಅದೂ ಬೈಗುಳವೇ ಎಂದು ಕೊನೆಯ ಸಾಲಿಗೆ ಬಂದಾಗ ತಿಳಿಯಿತು. ನಿಮ್ಮದನ್ನು ಎರಡು ಸಲ ಓದಿದೆ. ಯಾವ ಬಗೆಯದೆಂದು ಗೊತ್ತಾಗಲಿಲ್ಲ. ಗೆಳತಿಯರ ಜೊತೆ ಪಂದ್ಯ ಕಟ್ಟಿ ಬರೆದಿದ್ದರೆ, ಈ ಉತ್ತರದಿಂದ ನೀವು ಗೆದ್ದಿರಿ.

ನಾನು ಅನುವಾದಕ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಿಸಿದೆ. ಅದರಲ್ಲಿ ನನ್ನದೇನೂ ಇಲ್ಲ. ಕನ್ನಡದ ಎಪಿಸೋಡ್‌ಗಳು ಎಲ್ಲಿಯೂ ಸಿಗುವುದಿಲ್ಲ. ಚಾನೆಲ್ ಮುಚ್ಚಿ ಆರು ವರ್ಷವಾಯಿತು. ಎರಡನೇ ಪ್ರಶ್ನೆಯನ್ನು ಮೂಲ ಬರೆದವರಿಗೆ ಕೇಳಬೇಕು.

ಸೆಮಿನಾರಿಗೆ ನಾಲ್ಕನೇ ಸೀಸನ್ ಆರಿಸಿಕೊಳ್ಳಿ. ಅದರಲ್ಲಿ ನಾಯಿ ಇದೆ. ನಾಯಿ ಇದ್ದರೆ ಎಲ್ಲರೂ ನಗುತ್ತಾರೆ.

ಗು. ಅ. ಹಂಚಿನಾಳ


ಬಾಂದ್ರಾ
9 ಆಗಸ್ಟ್ 2025

ಸರ್,

ಪಂದ್ಯ ಕಟ್ಟಲು ಮೊದಲು ಗೆಳತಿಯರು ಬೇಕು. ನನಗೆ ಇಲ್ಲಿ ಇನ್ನೂ ಆಗಿಲ್ಲ.

ನಿಮ್ಮ ಉತ್ತರ ಓದಿ ಎರಡು ದಿನ ಪುಸ್ತಕದೊಳಗೆ ಇಟ್ಟಿದ್ದೆ. ಆಮೇಲೆ ಅನಿಸಿತು, ಇವರು ನನ್ನ ಮೇಲೆ ಸಿಟ್ಟಾಗಿಲ್ಲ, ಆ ಐದು ಜನರ ಮೇಲೆ ಸಿಟ್ಟಾಗಿದ್ದಾರೆ. ಅದಕ್ಕೇ ಧೈರ್ಯ ಮಾಡಿ ಮತ್ತೆ ಬರೆಯುತ್ತಿದ್ದೇನೆ. ನಾಲ್ಕನೇ ಸೀಸನ್ ಆಗುವುದಿಲ್ಲ ಸರ್. ನಾಯಿ ಚೆನ್ನಾಗಿದೆ. ಆದರೆ ನಾಯಿಯನ್ನು ಯಾರೂ ಬೈಯುವುದಿಲ್ಲ.

ಹಾಸ್ಟೆಲ್‌ನಲ್ಲಿ ಭಾನುವಾರ ಒಂದು ಗಂಟೆ ಟೀವಿ, ಊಟದ ಹಾಲ್‌ನಲ್ಲಿ. ಎಂಟನೇ ಸೀಸನ್ ಇರುವ ತನಕ ನಲವತ್ತು ಹುಡುಗಿಯರು ತಟ್ಟೆ ಬಡಿದು ನಗುತ್ತಿದ್ದೆವು. ಒಂಬತ್ತು ಶುರುವಾದ ಎರಡನೇ ವಾರಕ್ಕೆ ಎಲ್ಲರೂ ಎದ್ದು ಹೋದರು. ನಾನೂ ಅವರ ಜೊತೆ “ಏ ಬೋರ್” ಅಂತ ಕೂಗಿ, ತಟ್ಟೆ ತೊಳೆಯುವ ನೆಪದಲ್ಲಿ ವಾಪಸ್ ಬರುತ್ತಿದ್ದೆ. ಖಾಲಿ ಹಾಲ್‌ನಲ್ಲಿ ನಾನು, ಅಕ್ಕಿ ಆರಿಸುವ ಹನುಮವ್ವ. ಅವರು ಕಾರ್ಟೂನ್ ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಒಂದು ಸಲ ತಲೆ ಎತ್ತದೆ ಅಂದರು, “ಈಕೀ ಮಾತಿನ್ಯಾಗ ಸುಳ್ಳಿಲ್ಲ ನೋಡವಾ.”

ಆರನೇ ಎಪಿಸೋಡ್. ಹರ್ಬ್ ಫೋನ್‌ನಲ್ಲಿ ಯಾರಿಗೋ ನಾನೇ ಕೆಲಸ ಬಿಟ್ಟೆ ಅಂತ ಜೋರಾಗಿ ಹೇಳಿ ಫೋನ್ ಇಡುತ್ತಾನೆ. ಐರಿಸ್ ನಲ್ಲಿ ತಿರುಗಿಸುತ್ತಾಳೆ. ತಿರುಗಿ ನೋಡುವುದಿಲ್ಲ. ಹೇಳುತ್ತಾಳೆ:

“ಕೆಲಸಾ ಬಿಟ್ಟೆ ಅಂತ ಊರಿಗೆಲ್ಲಾ ಹೇಳ್ಕೋರಿ, ನಾ ಬ್ಯಾಡ ಅನ್ನಂಗಿಲ್ಲ. ನನ್ನ ಮುಂದರ ಹೇಳ್ರಿ, ಬಿಡಿಸಿದ್ರು ಅಂತ. ಮನ್ಯಾಗ ಕುಂತದ್ದಕ್ಕ ನನಗ ಸಿಟ್ಟಿಲ್ಲ. ಕಸಾ ಹೊಡ್ಯಾಗ ಕಾಲು ಎತ್ತಂಗಿಲ್ಲಲ್ಲ, ಅದಕ್ಕ ಸಿಟ್ಟು.”

ಸರ್, ನನಗಾಗ ಹತ್ತು ವರ್ಷ. ದೊಡ್ಡವರು ಎದುರು ಕೂತು ಮುಖ ನೋಡಿ ನನ್ನ ಹತ್ತಿರ ಮಾತಾಡಿದಾಗಲೆಲ್ಲ ಬೋರ್ಡ್ ಮೇಲಿನ ಪತ್ರದ ಥರವೇ ಮಾತಾಡುತ್ತಿದ್ದರು. ನಿಜ ಹೇಳುವವರು ಬೆನ್ನು ತಿರುಗಿಸಿಕೊಂಡಿರುತ್ತಾರೆ ಅಂತ ನನಗೆ ತಿಳಿದದ್ದು ಆ ದಿನ. ಫ್ಯಾನ್ಸ್ ಮುಖ ಇಲ್ಲ ಅಂತ ಅಳುತ್ತಾರೆ. ಮುಖ ಇಲ್ಲದ್ದೇ ಅದರ ಶಕ್ತಿ. ಇದೇ ನನ್ನ ಸೆಮಿನಾರ್.

ಮೂಲವನ್ನು ಇಂಗ್ಲಿಷಿನಲ್ಲಿ ನೋಡಿಲ್ಲ. ನೋಡಿದರೆ ಕಿವಿಯಲ್ಲಿರುವ ದನಿ ಹೋಗಿಬಿಡುತ್ತದೆ ಅಂತ ಬೇಕೆಂದೇ ನೋಡಿಲ್ಲ. ಸಾಲುಗಳು ನನಗೆ ಬಾಯಿಪಾಠ, ಇಂಗ್ಲಿಷಿಗೆ ನಾನೇ ತಿರುಗಿಸಿಕೊಂಡಿದ್ದೇನೆ.

22ನೇ ತಾರೀಖು ಶುಕ್ರವಾರ ನನ್ನ ಸರದಿ. ಆಶೀರ್ವಾದ ಮಾಡಿ. ಮಾಡದಿದ್ದರೂ ಅಡ್ಡಿಯಿಲ್ಲ, ಮಾಡಿದ್ದೀರಿ ಅಂದುಕೊಳ್ಳುತ್ತೇನೆ.

ಧಾತ್ರಿ


ಬಾಂದ್ರಾ
24 ಆಗಸ್ಟ್ 2025

ಸರ್,

ನೀವು ಉತ್ತರ ಬರೆದಿಲ್ಲ. ನಾನು ಕಾಯದೆ ಬರೆಯುತ್ತಿದ್ದೇನೆ, ಕ್ಷಮಿಸಿ. ಅರ್ಜೆಂಟ್ ಇದೆ.

ಶುಕ್ರವಾರ ಎದ್ದು ನಿಂತೆ. ಹತ್ತು ನಿಮಿಷ ಮಾತಾಡಿದೆ. ಆರನೇ ಎಪಿಸೋಡ್‌ನ ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಫೋನ್ ನೋಡುತ್ತಿದ್ದವರೂ ತಲೆ ಎತ್ತಿದರು. ಆ ಗಮನ ಎಷ್ಟು ಹೊತ್ತು ಇರಬೇಕೋ ಅಷ್ಟು ಹೊತ್ತು ಇರಲಿಲ್ಲ, ಯಾಕೆಂದರೆ ರೋಶನ್ ಕೈ ಎತ್ತಿದ.

ರೋಶನ್ ಅಂದರೆ ನನ್ನ ಹಿಂದಿನ ಬೆಂಚಿನವನು. ಮನೆಮಾತು ತುಳು, ಹುಟ್ಟಿದ್ದು ಭಾಂಡೂಪ್, ಕನ್ನಡ ಅರ್ಧಂಬರ್ಧ. ಟಬ್ಲರ್ಸ್ ಫ್ಯಾನ್, ಅದೂ ನಾಲ್ಕನೇ ಸೀಸನ್‌ನವನು. “ಏಕ್ ಮಿನಿಟ್ ಮ್ಯಾಮ್, ನಾನು ಇದನ್ನ ನೋಡಿದ್ದೇನೆ, ಅವಳು ಹೀಗೆ ಏನೂ ಹೇಳೋದಿಲ್ಲ” ಅಂದ. ಲ್ಯಾಪ್‌ಟಾಪ್ ತೆಗೆದು ಅಲ್ಲೇ ಹಾಕಿದ. ಅದೇ ಅಡುಗೆಮನೆ, ಅದೇ ಸಿಂಕ್, ಅದೇ ಬೆನ್ನು. ಐರಿಸ್ ಇಂಗ್ಲಿಷಿನಲ್ಲಿ ಮಾತಾಡಿದಳು. ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಮಷೀನ್ ವಾಪಸ್ ಕೊಟ್ಟಿಲ್ಲವಂತೆ. ನಾಳೆ ಮಳೆ ಬರಬಹುದಂತೆ. ಹಾಲು ಮುಗಿದಿದೆಯಂತೆ.

ಅಷ್ಟೇ ಸರ್. ಹುಲ್ಲು, ಮಳೆ, ಹಾಲು.

“ಅರೇ ಧಾತ್ರಿ, ನೀನು ಯಾವ ಟಬ್ಲರ್ಸ್ ನೋಡಿದ್ದು? ಡ್ರೀಮ್‌ನಲ್ಲಿ ಬಂದದ್ದಾ?” ಅಂದ ರೋಶನ್. ಎಲ್ಲರೂ ನಕ್ಕರು. ಬಡಿಯಲು ತಟ್ಟೆ ಮಾತ್ರ ಇರಲಿಲ್ಲ.

ನಿಖಿತಾ ಮ್ಯಾಮ್ ನಗಲಿಲ್ಲ. ಕ್ಲಾಸ್ ಮುಗಿದ ಮೇಲೆ ಕರೆದರು. ಕೋಟ್ ಮಾಡಿದ ಸಾಲಿಗೆ ಸೋರ್ಸ್ ತೋರಿಸಬೇಕು, ಸೆಪ್ಟೆಂಬರ್ 19ರ ಒಳಗೆ. ತೋರಿಸದಿದ್ದರೆ ಇಲ್ಲದ್ದನ್ನು ಇದೆ ಅಂತ ಹೇಳಿದ ಹಾಗೆ. ಸೆಮಿನಾರ್‌ಗೆ ಸೊನ್ನೆ, ಜೊತೆಗೆ ಡಿಪಾರ್ಟ್‌ಮೆಂಟ್ ಕಮಿಟಿಗೆ ನನ್ನ ಹೆಸರು. ಫಸ್ಟ್ ಇಯರ್‌ನ ಎರಡನೇ ತಿಂಗಳಲ್ಲಿ ನಾನು ಸುಳ್ಳುಗಾರ್ತಿ ಅಂತ ಕಾಗದದಲ್ಲಿ ಬರುತ್ತದೆ.

ನಾನು ಅದನ್ನು ಕೇಳಿದ್ದೇನೆ ಸರ್. ಕನಸಲ್ಲ. ಹನುಮವ್ವ ಕೇಳಿದ್ದಾರೆ, ಅವರೀಗ ಎಲ್ಲಿದ್ದಾರೋ ಗೊತ್ತಿಲ್ಲ. ನಿಮ್ಮ ಹತ್ತಿರ ಆರನೇ ಎಪಿಸೋಡ್‌ನ ಸ್ಕ್ರಿಪ್ಟ್ ಇದ್ದೇ ಇರುತ್ತದೆ. ಒಂದು ಪುಟದ ಜೆರಾಕ್ಸ್ ಸಾಕು. ನಾನೇ ವಡಾಲಕ್ಕೆ ಬಂದು ತೆಗೆದುಕೊಳ್ಳುತ್ತೇನೆ, ಮೆಟ್ಟಿಲ ಹತ್ತಿರ ನಿಂತು.

ಧಾತ್ರಿ


ವಡಾಲ
8 ಸೆಪ್ಟೆಂಬರ್ 2025

ಧಾತ್ರಿ ತಂಗಿಗೆ,

ಗಣಪತಿ ಹೋಗಲಿ, ಆಮೇಲೆ ಬರೆಯೋಣ ಎಂದು ಮುಂದೆ ಹಾಕಿದೆ. ಮೊನ್ನೆ ಅದೂ ಮುಗಿದುಹೋಯಿತು, ಇನ್ನು ನೆಪವಿಲ್ಲ.

ನೀನು ಕೇಳಿದ್ದು ನಿಜ. ಆ ಮಾತು ಕನ್ನಡದಲ್ಲಿ ಇತ್ತು, ಇಂಗ್ಲಿಷಿನಲ್ಲಿ ಇರಲಿಲ್ಲ.

ಡಬ್ಬಿಂಗ್ ಕೆಲಸ ನಿನಗೆ ಗೊತ್ತಿಲ್ಲ, ಹೇಳುತ್ತೇನೆ. ಅಲ್ಲಿ ಅನುವಾದಕನಿಗೆ ಯಜಮಾನ ಭಾಷೆಯಲ್ಲ, ತುಟಿ. ಪಾತ್ರ ಬಾಯಿ ತೆರೆದಾಗ ನಮ್ಮ ಮಾತು ಶುರುವಾಗಬೇಕು, ಮುಚ್ಚಿದಾಗ ಮುಗಿಯಬೇಕು. ತುಟಿ ಕೂಡಿದಲ್ಲಿ ಪಕಾರವೋ ಬಕಾರವೋ ಮಕಾರವೋ ಬರಬೇಕು. ‘ದುಃಖ’ ಎನ್ನಬೇಕಾದ ಕಡೆ ತುಟಿ ಕೂಡಿತೆಂದು ‘ಬೇಸರ’ ಎಂದಿದ್ದೇನೆ. ಎಂಟು ಸೀಸನ್ ಆ ಕಾರ್ಟೂನ್ ತುಟಿಗಳಿಗೆ ಜೀತ ಮಾಡಿದೆ. ಒಂಬತ್ತನೆಯದರ ಡಿಸ್ಕ್ ಹಾಕಿ ನೋಡಿದರೆ ತುಟಿಯೇ ಇಲ್ಲ! ಬೆನ್ನು, ಬಾಗಿಲು, ಫ್ರಿಜ್. ಇಷ್ಟು ಸೆಕೆಂಡಿನಲ್ಲಿ ಮುಗಿಸು ಎಂಬುದೊಂದೇ ಕಟ್ಟು. ಎಲ್ಲರೂ ಶಪಿಸಿದ ಸೀಸನ್ನಿನಲ್ಲಿ ನನಗೆ ರಜೆ ಸಿಕ್ಕಿತು. ಮಾತು ಬೇಕಾದ ಹಾಗೆ ಹಾಕಿದೆ. ಸ್ಟುಡಿಯೊದಲ್ಲಿ ಕನ್ನಡ ಬಲ್ಲವರು ನಾನು ಮತ್ತು ದನಿ ಕೊಡುವವರು. ಯಾರೂ ಕೇಳಲಿಲ್ಲ. ಐರಿಸ್‌ಗೆ ದನಿ ಕೊಟ್ಟ ಕೌಸಲ್ಯಾ ಅವರು ಓದಿ, “ಇದು ಚಲೋ ಅದ, ಇರಲಿ” ಎಂದರು. ಅವರೀಗ ಇಲ್ಲ.

ಆದರೆ ಪ್ರತಿ ಎಪಿಸೋಡಿಗೆ ಒಂದು ಫಾರ್ಮಿಗೆ ಸಹಿ ಹಾಕಿದ್ದೇನೆ: ‘ಸಂಭಾಷಣೆ ಮೂಲಕ್ಕೆ ಬದ್ಧವಾಗಿದೆ.’ ಹನ್ನೊಂದು ಸುಳ್ಳು ಸಹಿ.

ಈಗ ಹೊಸ ಕಂಪನಿಯೊಂದು ಮೊಬೈಲಿನಲ್ಲಿ ತೋರಿಸಲು ಹಳೆಯ ಸೀಸನ್‌ಗಳನ್ನೆಲ್ಲ ಮತ್ತೆ ಕನ್ನಡ ಮಾಡಿಸುತ್ತಿದೆ. ಅರವತ್ತಾರನೇ ವಯಸ್ಸಿನಲ್ಲಿ ನನ್ನನ್ನು ಮೇಲ್ವಿಚಾರಕನೆಂದು ಕರೆದಿದ್ದಾರೆ. “ಹಂಚಿನಾಳ್ ಸಾಹೇಬರ ಕೆಲಸ ಅಂದ್ರೆ ಮೂಲದಿಂದ ಒಂದು ಅಕ್ಷರ ಆಚೆ ಈಚೆ ಇಲ್ಲ” ಎಂದು ಪರಿಚಯ ಮಾಡಿಸಿದರು. ನಾನು ಕೈ ಮುಗಿದು ಕೂತೆ. ನಿನ್ನ ಕಾಲೇಜಿನಲ್ಲಿ ಇದು ಕಾಗದಕ್ಕೆ ಬಂದರೆ ಆ ಕುರ್ಚಿ ಹೋಗುತ್ತದೆ.

ಸ್ಕ್ರಿಪ್ಟ್ ಇಲ್ಲ. ನಾವಿದ್ದ ಹಳೆಯ ಬಿಲ್ಡಿಂಗ್ ಕೆಡವಿದಾಗ ರದ್ದಿಯವನಿಗೆ ಕೊಟ್ಟೆ. ಇದು ನಿಜ.

ನನ್ನ ಹೆಸರು ತರಬೇಡ ಎಂದು ಕೇಳಿಕೊಳ್ಳುತ್ತೇನೆ. ಚಿಕ್ಕಂದಿನಲ್ಲಿ ಕೇಳಿದ್ದು, ತಪ್ಪಾಗಿ ನೆನಪಿತ್ತು ಎಂದುಬಿಡು. ಹದಿನೆಂಟು ವರ್ಷದವರಿಗೆ ಮರೆವನ್ನು ಕ್ಷಮಿಸುತ್ತಾರೆ.

ನಿನ್ನ,
ಗುರುಪಾದ ಹಂಚಿನಾಳ


ಬಾಂದ್ರಾ
21 ಸೆಪ್ಟೆಂಬರ್ 2025

ಸರ್,

ನಿಮ್ಮ ಹೆಸರು ತರಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನೀವು ಹೇಳಿದ ಹಾಗೆ ‘ತಪ್ಪಾಗಿ ನೆನಪಿತ್ತು’ ಅನ್ನಬೇಕೆಂದೇ ಶುಕ್ರವಾರ ಸ್ಟಾಫ್ ರೂಮಿಗೆ ಹೋದೆ. ಬಾಯಿಗೆ ಬರಲಿಲ್ಲ. ತಪ್ಪಾಗಿ ನೆನಪಿರಲಿಲ್ಲವಲ್ಲ. ನನ್ನ ತಲೆಯಲ್ಲಿ ಗ್ಯಾರಂಟಿ ಸರಿ ಇರುವುದು ಅದೊಂದೇ. ಮ್ಯಾಮ್ ಕನ್ನಡಕ ತೆಗೆದು, “ಹಾಗಾದ್ರೆ ನೀನೇ ಬರೆದದ್ದಾ?” ಅಂದರು. ನಾನು ತಲೆಯಾಡಿಸಿಬಿಟ್ಟೆ.

ನಿಮ್ಮನ್ನು ಉಳಿಸಲು ಹಾಗೆ ಮಾಡಿದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಅರ್ಧ ಅದು. ಇನ್ನರ್ಧ, ಆ ರೂಮಿನಿಂದ ಹೊರಗೆ ಬರಬೇಕಿತ್ತು, ಅಷ್ಟೇ.

ಸೆಮಿನಾರ್‌ಗೆ ಸೊನ್ನೆ. ಒಪ್ಪಿಕೊಂಡಿದ್ದಕ್ಕೆ ಕಮಿಟಿಗೆ ಹೋಗುವುದಿಲ್ಲ. ಇಲ್ಲಿಗೆ ಮುಗಿದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ಸೊನ್ನೆ ಬಂದದ್ದು ನನಗೆ, ಸೀಸನ್ನಿಗಲ್ಲ.

ಆದರೆ ಮ್ಯಾಮ್ ಅಂದರು, “ಮೋಸ ಬೇರೆ, ಬರವಣಿಗೆ ಬೇರೆ. ಆ ‘ಕಾಲು ಎತ್ತಲ್ಲ’ ಅನ್ನೋ ಮಾತು ನಾನು ಮನೆಗೆ ಹೋಗಿ ನನ್ನ ಗಂಡನಿಗೆ ಹೇಳಿದೆ. ಡಿಸೆಂಬರ್ ಫೆಸ್ಟ್‌ಗೆ ಇದೇ ಐರಿಸ್‌ಳನ್ನ ಇಟ್ಟು ಹತ್ತು ನಿಮಿಷದ ಸ್ಕಿಟ್ ಬರಿ.” ನಿನ್ನೆ ನೋಟಿಸ್ ಬೋರ್ಡ್‌ನಲ್ಲಿ ಹಾಕಿದ್ದಾರೆ: ರೈಟರ್, ಧಾತ್ರಿ, ಫಸ್ಟ್ ಇಯರ್. ರೋಶನ್ ನನಗೆ ಈಗ “ರೈಟರ್ ಸಾಹಿಬಾ” ಅಂತಾನೆ. ಊಟಕ್ಕೆ ಜಾಗ ಹಿಡಿದಿಡುತ್ತಾನೆ. ಮೂರು ಜನ ಹುಡುಗಿಯರು ಸ್ಕಿಟ್‌ನಲ್ಲಿ ಪಾರ್ಟ್ ಬೇಕು ಅಂತ ರೂಮಿಗೆ ಬಂದಿದ್ದರು. ಗೆಳತಿಯರು ಇಲ್ಲ ಅಂದಿದ್ದೆನಲ್ಲ, ಈಗ ಇದ್ದಾರೆ. ನಿಮ್ಮ ಮಾತಿನಿಂದ ಸಿಕ್ಕವರು.

ಸ್ಕಿಟ್‌ಗೆ ಅದರ ಮುಂದಿನ ಸಾಲು ಬರೆಯಲು ಕೂತೆ. ನನಗೆ ಬರುವುದಿಲ್ಲ. ನಾನು ಬರೆದ ಐರಿಸ್ ಮತ್ತೆ ನ್ಯೂಸ್ ಓದುತ್ತಾಳೆ.

ನೀವೇನೂ ಮಾಡಬೇಕಿಲ್ಲ. ಯಾರಿಗಾದರೂ ಹೇಳಬೇಕಿತ್ತು. ನಿಜ ಗೊತ್ತಿರುವವರು ನೀವೊಬ್ಬರೇ.

ಧಾತ್ರಿ


ವಡಾಲ
27 ಸೆಪ್ಟೆಂಬರ್ 2025

ಧಾತ್ರಿ ತಂಗೀ,

ನಿನ್ನ ಪತ್ರ ಓದಿದ ಮೇಲೆ ಎರಡು ದಿನ ಸಿಕ್ಕವರ ಮೇಲೆಲ್ಲ ರೇಗಿದೆ. ನಿನಗೆ ಸೊನ್ನೆ ಬಂದದ್ದಕ್ಕೆ ಎಂದು ಮೊದಲು ಅಂದುಕೊಂಡೆ. ಅಲ್ಲ. ‘ರೈಟರ್, ಧಾತ್ರಿ’ ಎಂಬ ಎರಡು ಪದಗಳಿಗೆ ಸಿಟ್ಟು ಬಂದಿತ್ತು. ಎಂಟು ವರ್ಷ ‘ನನ್ನದೇನೂ ಇಲ್ಲ’ ಎಂದವನಿಗೆ, ಬೇರೆಯವರ ಹೆಸರು ಬಿದ್ದ ಕೂಡಲೇ ‘ನನ್ನದು’ ಎಂದು ಕೂಗಬೇಕೆನಿಸಿತು. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಗುರುವಾರ ನಿಮ್ಮ ಮ್ಯಾಡಮ್‌ಗೆ ಪತ್ರ ಬರೆದೆ. ‘ಆ ಸಾಲುಗಳು ಹುಡುಗಿಯವಲ್ಲ. ಅವುಗಳನ್ನು ರಚಿಸಿದವನು ನಾನು.’ ಆ ಹನ್ನೊಂದು ಸಹಿ ಸುಳ್ಳು ಎಂದು ಕಂಪನಿಗೂ ಒಂದು ಬರೆದೆ. ಕುರ್ಚಿ ಹೋದರೆ ಹೋಗಲಿ. ಎರಡನ್ನೂ ಟೇಬಲ್ ಮೇಲಿಟ್ಟು ಅಂಟು ಹುಡುಕಲು ಒಳಗೆ ಹೋದೆ. ಬಂದು ನೋಡಿದರೆ ನನ್ನ ಹೆಂಡತಿ ಮಹಾದೇವಿ ಮ್ಯಾಡಮ್‌ನ ಪತ್ರ ಹಿಡಿದು ನಿಂತಿದ್ದಳು.

“ರಚಿಸಿದಂವ ನಾನು?” ಎಂದಳು. “ಯಾವಾಗ ರಚಿಸಿದ್ರಿ?”

“ಅಂದ್ರ... ಬರದಂವ ನಾನಲ್ಲೇನು?”

“ಬರಕೊಂಡಂವ ನೀವು. ಅಂದಾಕಿ ನಾನು.”

ತಂಗಿ, ನಿನಗೂ ಹೇಳದ್ದು ಇದು. ಆ ವರ್ಷ ಬಂದರಿನ ಹತ್ತಿರದ ಆಫೀಸಿನಿಂದ ನನ್ನನ್ನು ತೆಗೆದಿದ್ದರು. ಡಬ್ಬಿಂಗ್ ನನಗೆ ಸಂಜೆಯ ಹವ್ಯಾಸ, ಹೊಟ್ಟೆಪಾಡು ಆ ಆಫೀಸು. ಬಿಲ್ಡಿಂಗಿನವರಿಗೆ, ಊರಿಗೆ, ತಮ್ಮನಿಗೆ, ಎಲ್ಲರಿಗೂ ನಾನೇ ಬಿಟ್ಟೆ ಎಂದೆ. ಮಹಾದೇವಿಗೂ ಹಾಗೇ ಎಂದೆ. ಆಕೆ ನಾಲ್ಕು ತಿಂಗಳು ಒಂದು ಮಾತು ಆಡಲಿಲ್ಲ.

ಒಂಬತ್ತನೇ ಸೀಸನ್ ಬಂತು. ಆರನೇ ಎಪಿಸೋಡಿನಲ್ಲಿ ಇಪ್ಪತ್ತೆರಡು ಸೆಕೆಂಡಿನ ಬೆನ್ನು. ಎಷ್ಟು ಮಾತು ಹಿಡಿಸುತ್ತದೆಂದು ಅಳೆಯಬೇಕು. ಆಕೆ ಪಾತ್ರೆ ತೊಳೆಯುತ್ತಿದ್ದಳು. ನಾನು ಸ್ಟಾಪ್‌ವಾಚ್ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು, “ಇಪ್ಪತ್ತೆರಡು ಸೆಕೆಂಡ್ ಏನರ ಮಾತಾಡು” ಎಂದೆ.

“ಏನ್ ಮಾತಾಡ್ಲಿ?”

“ಏನರ ಆಡು. ಹಿಂದ ತಿರುಗಬ್ಯಾಡ, ಅಕೀನೂ ತಿರುಗಂಗಿಲ್ಲ.”

ನಲ್ಲಿ ಬಿಟ್ಟಳು. ಆಡಿದಳು. ನೀನು ಬಾಯಿಪಾಠ ಮಾಡಿದ್ದು ಅದೇ, ಅಕ್ಷರ ಬಿಡದೆ. ನಾನು ಗಡಿಯಾರ ನಿಲ್ಲಿಸಿದೆ. ಇಪ್ಪತ್ತೆರಡಕ್ಕೆ ಸರಿಯಾಗಿತ್ತು. ಸರಿಯಾಯಿತು ಎಂದಷ್ಟೇ ಹೇಳಿ ಬಂದು ಬರೆದುಕೊಂಡೆ. ಆಮೇಲೆ ಪ್ರತಿ ಎಪಿಸೋಡಿಗೂ ಗಡಿಯಾರ ಹಿಡಿದು ಹೋಗುತ್ತಿದ್ದೆ. ನಮ್ಮಿಬ್ಬರ ನಡುವೆ ಆ ವರ್ಷ ನಡೆದ ಮಾತೆಂದರೆ ಅಷ್ಟೇ. ಅದು ಕಾರ್ಟೂನಿನಲ್ಲಿ ಹೋಯಿತು.

ಮಹಾದೇವಿ ಮ್ಯಾಡಮ್‌ನ ಪತ್ರ ಹರಿದಳು. ಕಂಪನಿಯದನ್ನು ಹರಿಯಲಿಲ್ಲ, ತಾನೇ ಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದಳು. “ಆ ಹುಡುಗಿ ಸುಳ್ಳ ಹೇಳಿ ಕುಂತದ, ನೀವು ಇನ್ನೊಂದು ಹೇಳಾಕ ಹೊಂಟೀರಿ. ಕಾಗದಾ ಬ್ಯಾಡ, ನಾನ ಹೋಗ್ತೀನಿ. ಆ ಬೆನ್ನಿನ ಪಿಚ್ಚರ್ ಹಾಕಾಕ ಹೇಳ್ರಿ, ದನಿ ಇಲ್ಲದ. ಸೆಕೆಂಡ್ ನನಗ ನೆನಪದಾವ.”

ಮ್ಯಾಡಮ್‌ನ ಒಪ್ಪಿಗೆ ಕೇಳು. ಆಕೆ ಬರುತ್ತಾಳೆ. ನಾನು ಬರುವುದಿಲ್ಲ. ನಲವತ್ತು ಮಕ್ಕಳ ಮುಂದೆ ಕೂತು ಅದನ್ನು ಕೇಳುವ ಶಕ್ತಿ ನನಗಿಲ್ಲ.

ಗುರುಪಾದ


ಬಾಂದ್ರಾ
11 ಅಕ್ಟೋಬರ್ 2025

ಸರ್,

ಈ ಪತ್ರ ಬರೆಯಲು ಹೇಳಿದವರು ಮಹಾದೇವಿ ಆಂಟಿ. ಒಂದೇ ಮನೆಯಲ್ಲಿದ್ದೀರಿ, ನೀವೇ ಹೇಳಿ ಅಂದೆ. “ಕೇಳಿದ್ರ ನಾ ಹೇಳಂಗಿಲ್ಲ. ಅವರಿಗೆ ಕಾಗದಾನ ತಿಳಿಯೂದು, ಹಾಕು” ಅಂದರು.

ಮ್ಯಾಮ್‌ಗೆ ನಿಜ ಹೇಳಿದ್ದು ನಾನೇ. ಆಂಟಿ ಬರುವ ಎರಡು ದಿನ ಮುಂಚೆ, ಒಬ್ಬಳೇ ಹೋಗಿ. ಮ್ಯಾಮ್ ಮಾರ್ಕ್ಸ್ ರಿಜಿಸ್ಟರ್ ತೆರೆದರು. “ಎರಡು ಸಲ ಮಾತು ಬದಲಾಯಿಸಿದ್ದೀಯ. ಗುರುವಾರ ಅವರೇ ಬಂದು ಕ್ಲಾಸಿನ ಮುಂದೆ ಹೇಳಿ ತೋರಿಸಲಿ. ಆಗದಿದ್ದರೆ ಈ ಸಲ ಕಮಿಟಿ” ಅಂದರು. ಸರಿ ಅಂದೆ. ಆಶ್ಚರ್ಯ ಅಂದರೆ ಹೆದರಿಕೆ ಆಗಲಿಲ್ಲ.

ಆಂಟಿ ವಡಾಲದಿಂದ ಹಾರ್ಬರ್ ಲೈನ್‌ನಲ್ಲಿ ಒಬ್ಬರೇ ಬಂದರು. ಸ್ಟೇಷನ್‌ನಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇಷ್ಟ ಸಣ್ಣಾಕಿ! ನಾ ಯಾವದೋ ದೊಡ್ಡ ಹುಡುಗಿ ಅನ್ಕೊಂಡಿದ್ದೆ, ಅಷ್ಟುದ್ದ ಕಾಗದಾ ಬರೀತಿ” ಅಂದರು. ಕ್ಲಾಸಿನಲ್ಲಿ ಎಲ್ಲರೂ ಎದ್ದು ನಿಂತರು. ರೋಶನ್ ಪ್ರೊಜೆಕ್ಟರ್ ಹಾಕಿ ದನಿ ತೆಗೆದ. ಪರದೆಯ ಮೇಲೆ ಅಡುಗೆಮನೆ ಬಂತು.

“ಇದ್ರಾಗ ನಾ ಯಾರು?” ಅಂತ ಕೇಳಿದರು.

“ಆ ಬೆನ್ನಿನವರು, ಆಂಟಿ.”

“ನನಗಿಂತ ಸಣಕಲ ಅದಾಳ.”

ಪರದೆ ನೋಡಲು ಅವರು ಅತ್ತ ತಿರುಗಬೇಕಲ್ಲ. ಹಾಗಾಗಿ ನಮಗೆ ಕಂಡದ್ದು ಅವರ ಬೆನ್ನು. ಎರಡು ಬೆನ್ನು, ಒಂದು ಬರೆದದ್ದು, ಒಂದು ನಿಜದ್ದು. ಐರಿಸ್ ನಲ್ಲಿ ತಿರುಗಿಸಿದಳು. ಆಂಟಿ ಶುರು ಮಾಡಿದರು. ನೆನಪು ಮಾಡಿಕೊಂಡು ಒಪ್ಪಿಸುವ ಹಾಗೆ ಅಲ್ಲ ಸರ್, ಇವತ್ತು ಬೆಳಿಗ್ಗೆ ಆದ ಜಗಳದ ಹಾಗೆ. ‘ಬಿಡಿಸಿದ್ರು ಅಂತ’ ಅಂದಾಗ ಐರಿಸ್‌ಳ ಭುಜ ಸ್ವಲ್ಪ ಇಳಿಯಿತು. ಇಂಗ್ಲಿಷಿನಲ್ಲಿ ಆ ಭುಜ ಹಾಲು ಮುಗಿದದ್ದಕ್ಕೆ ಇಳಿದಿತ್ತು. ‘ಅದಕ್ಕ ಸಿಟ್ಟು’ ಅಂತ ಮುಗಿಯುವುದಕ್ಕೂ ಐರಿಸ್ ನಲ್ಲಿ ನಿಲ್ಲಿಸುವುದಕ್ಕೂ ಒಂದು ಕೂದಲೆಳೆ ವ್ಯತ್ಯಾಸ ಇರಲಿಲ್ಲ.

ಕ್ಲಾಸಿನಲ್ಲಿ ಕನ್ನಡ ಬರುವುದು ನನಗೆ, ಅರ್ಧ ರೋಶನ್‌ಗೆ. ಅವನು ಎದ್ದು, ತಡವರಿಸಿ, ಹಿಂದಿಯಲ್ಲಿ ಹೇಳಿದ. ನಡುವೆ ಒಂದು ಕಡೆ ನಿಂತ. “ಸಾರಿ ಧಾತ್ರಿ, ಇದು ಡ್ರೀಮ್ ಅಲ್ಲ” ಅಂದ. ಎಲ್ಲರ ಮುಂದೆ ಅಂದ.

ಸೆಮಿನಾರ್‌ಗೆ ಇಪ್ಪತ್ತಕ್ಕೆ ಹದಿನೈದು. ಮೂಲವನ್ನು ನೋಡದೆ ಬಂದದ್ದಕ್ಕೆ ಮೂರು, ನಡುವೆ ಹೇಳಿದ ಸುಳ್ಳಿಗೆ ಎರಡು ಕಟ್. ಕೊನೆಯ ಪುಟದಲ್ಲಿ ಸೋರ್ಸ್ ಬರೆಸಿದರು, ನಾನು ಹೀಗೆ ಬರೆದೆ: ‘ಮಾತು, ಮಹಾದೇವಿ ಹಂಚಿನಾಳ. ಬರೆದುಕೊಂಡವರು, ಗುರುಪಾದ ಹಂಚಿನಾಳ.’ ಆಂಟಿ ಓದಿಸಿಕೊಂಡು, “ಇರಲಿ, ಅವರದೂ ಇರಲಿ” ಅಂದರು. ನೋಟಿಸ್ ಬೋರ್ಡ್‌ನಿಂದ ನನ್ನ ಹೆಸರು ತೆಗೆಸಿದೆ. ಹುಡುಗಿಯರು ಆಮೇಲೂ ರೂಮಿಗೆ ಬಂದರು. ಈಗ ನಾಲ್ವರು ಸೇರಿ ಬೆನ್ನು ಸೀಸನ್ ನೋಡುತ್ತಿದ್ದೇವೆ, ದನಿ ತೆಗೆದು. ನನಗೆ ನೆನಪಿರುವಷ್ಟನ್ನು ನಾನು ಹೇಳುತ್ತೇನೆ, ಉಳಿದದ್ದಕ್ಕೆ ಆಂಟಿಗೆ ಫೋನ್.

ಒಂದು ಮಾತು ಉಳಿಯಿತು. ಗುರುವಾರ ಆಂಟಿ ಮುಗಿಸಿದ ಮೇಲೂ ರೋಶನ್ ಪಿಕ್ಚರ್ ನಿಲ್ಲಿಸಿರಲಿಲ್ಲ. ಪರದೆಯ ಮೇಲೆ ಈಗ ಸೋಫಾ, ಹರ್ಬ್‌ನ ಬೆನ್ನು. ಒಂಬತ್ತು ಸೆಕೆಂಡ್. ಇಂಗ್ಲಿಷಿನಲ್ಲಿ ಅವನು ಅಲ್ಲಿ ಏನೋ ಜೋಕ್ ಹೇಳುತ್ತಾನೆ. ಕನ್ನಡದಲ್ಲಿ ಅಲ್ಲಿ ಮಾತೇ ಇರಲಿಲ್ಲ ಅಂತ ನನಗೆ ಆಗ ಹೊಳೆಯಿತು. ಮ್ಯಾಮ್ ಮೆಲ್ಲಗೆ ಕೇಳಿದರು, “ಇದಕ್ಕೆ ಗಂಡ ಏನಂತಾನೆ?” ನಾನು ಕನ್ನಡದಲ್ಲಿ ಆಂಟಿಗೆ ಕೇಳಿದೆ.

ಆಂಟಿ ಪರದೆಯನ್ನೇ ನೋಡುತ್ತಾ ಹೇಳಿದರು, “ಅಂವ ಇನ್ನೂ ಅಂದಿಲ್ಲ.”

ಸರ್, ಈ ಪತ್ರಕ್ಕೆ ಉತ್ತರ ನನಗೆ ಬರೆಯಬೇಡಿ.

ಧಾತ್ರಿ